‘ಸರ್ಚ್ ಐತಲ್ರೀ, ಮತ್ಯಾಕ ಜೋಡಸೋದು?’

ವೆಬ್‌ಸೈಟ್‌ಗಳಲ್ಲಿ ಯಾವ ಮಾಹಿತಿ ಎಲ್ಲಿರಬೇಕು, ಅದಕ್ಕೆ ಏನು ಹೆಸರಿಡಬೇಕು ಎಂದು ನೋಡುವುದು ನನ್ನ ಕೆಲಸ. ಹುಬ್ಬಳ್ಳಿಯಲ್ಲಿ ಯಾರಿಗೆ ಹೇಳಿದರೂ ಮೇಲಿನ ಪ್ರಶ್ನೆಯನ್ನೇ ಕೇಳುತ್ತಾರೆ. ಹುಡುಕಿದರೆ ಸಿಗುತ್ತದಲ್ಲ, ಜೋಡಿಸುವುದು ಯಾಕೆ?

ಸಿಗುತ್ತದೆ, ಬರೆದವರ ಪದ ನಮಗೂ ಗೊತ್ತಿದ್ದರೆ. ಗೂಗಲ್ ಒಂದಿಷ್ಟು ಊಹಿಸಿಕೊಳ್ಳುತ್ತದೆ. ಆದರೆ ಎಷ್ಟೋ ಸೈಟ್‌ಗಳ ಒಳಗಿನ ಸರ್ಚ್, ನಾವು ಟೈಪ್ ಮಾಡಿದ ಅಕ್ಷರಗಳನ್ನಷ್ಟೇ ಹುಡುಕುತ್ತದೆ.

ಗದಗ ಕಡೆಯ ರೈತರೊಬ್ಬರ ತಂದೆ ತೀರಿಕೊಂಡಿದ್ದಾರೆ ಅಂದುಕೊಳ್ಳಿ. ಹೊಲ ಮಕ್ಕಳ ಹೆಸರಿಗೆ ಆಗಬೇಕು. ಅವರ ಬಾಯಲ್ಲಿ ಅದು ‘ವಾರಸಾ’, ಕೈಯಲ್ಲಿರುವ ಕಾಗದ ‘ಉತಾರ’. ಕಂದಾಯ ಇಲಾಖೆಯವರಿಗೆ ಅದೇ ‘ಪೌತಿ ಖಾತೆ’ ಮತ್ತು ‘ಪಹಣಿ’. ‘ತಂದೆ ತಾಯಿ ತೀರಿಕೊಂಡ ಮೇಲೆ ಹೊಲ ಹೆಸರಿಗೆ ಮಾಡಿಸುವುದು’ ಎಂದು ಪುಟಕ್ಕೆ ಹೆಸರಿಟ್ಟು, ಈ ನಾಲ್ಕೂ ಪದಗಳನ್ನು ಅಲ್ಲೇ ಸೇರಿಸಬೇಕು. ಆಗ ಯಾವ ಪದ ಹಿಡಿದು ಬಂದರೂ ದಾರಿ ಸಿಗುತ್ತದೆ. ದುಃಖದಲ್ಲಿರುವವರು ಇಲಾಖೆಯ ಪದಗಳನ್ನು ಕಲಿತು ಬರಬೇಕು ಅನ್ನುವುದು ಅನ್ಯಾಯ.

ಹಳೆಯ ದಾಖಲೆಗಳಲ್ಲಿ ತೊಡಕು ಇನ್ನೂ ಜಾಸ್ತಿ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಾಗದಗಳು ಧಾರವಾಡ ಜಿಲ್ಲೆಯ ಹೆಸರಿನಲ್ಲೇ ಇವೆ. ಸುಮ್ನೆ ‘ಹಾವೇರಿ ಜಿಲ್ಲೆ’ ಎಂದು ಹುಡುಕಿದರೆ ಅವು ಹೇಗೆ ಸಿಗಬೇಕು? ಇಂಗ್ಲಿಷಿನಲ್ಲಿ ನಮ್ಮೂರು ಅಧಿಕೃತವಾಗಿ ‘ಹುಬ್ಬಳ್ಳಿ’ ಆದದ್ದು 2014ರ ನವೆಂಬರ್ 1ರಂದು. ಅಲ್ಲಿಯವರೆಗೆ ‘ಹುಬ್ಳಿ’. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳದ್ದು ಬೇರೆಯೇ ಗೋಳು. ಕಣ್ಣಿಗೆ ಕನ್ನಡವೇ ಕಾಣುತ್ತದೆ, ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ತರುವವರೆಗೂ ಕನ್ನಡದಲ್ಲಿ ಹುಡುಕಿದರೆ ಅವು ಸಿಗುವುದಿಲ್ಲ. ಬರೀ ಸ್ಕ್ಯಾನ್ ಮಾಡಿ ಇಟ್ಟ ಪಿಡಿಎಫ್ ಅಂತೂ ಚಿತ್ರ ಅಷ್ಟೇ.

ಇದಕ್ಕೆ ದಾರಿ ತೋರಿಸಿದವರು ಗ್ರಂಥಾಲಯದವರು. ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ, ಪುಸ್ತಕಗಳನ್ನು ವಿಂಗಡಿಸುವ ಕೋಲನ್ ವರ್ಗೀಕರಣದಲ್ಲಿ ಒಂದು ಪುಸ್ತಕವನ್ನು ವಿಷಯ, ಸ್ಥಳ, ಕಾಲ ಹೀಗೆ ಹಲವು ಕಡೆಯಿಂದ ಗುರುತಿಸಬಹುದು. ಹಳೆಯ ದಾಖಲೆಗೂ ಹಾಗೇ ಮಾಡಬೇಕು: ಆಗಿನ ಜಿಲ್ಲೆ, ಈಗಿನ ಜಿಲ್ಲೆ, ವರ್ಷ, ವಿಷಯ. ಓದುಗರ ಸಮಯ ಉಳಿಸಿ ಅನ್ನುವುದು 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ಒಂದು. ಈ ಕೆಲಸದಲ್ಲಿ ನನಗೆ ಅದಕ್ಕಿಂತ ದೊಡ್ಡ ಮಾತಿಲ್ಲ.

ಇನ್ನು ಮೆನು. ಸಾಮಾನ್ಯವಾಗಿ ಅದನ್ನು ಕಚೇರಿಯ ವಿಭಾಗಗಳ ಪ್ರಕಾರ ಮಾಡಿರುತ್ತಾರೆ. ಬರುವವರಿಗೆ ವಿಭಾಗ ಗೊತ್ತಿರುವುದಿಲ್ಲ, ತಮ್ಮ ಕೆಲಸ ಮಾತ್ರ ಗೊತ್ತು, ಅಲ್ವಾ? ಅದಕ್ಕೇ ಒಂದೊಂದು ಚೀಟಿಯಲ್ಲಿ ಒಂದೊಂದು ಮಾಹಿತಿಯ ಹೆಸರು ಬರೆದು ಬಳಸುವವರ ಕೈಗೇ ಕೊಡಬೇಕು. ಅವರೇ ಗುಂಪು ಮಾಡಲಿ, ಗುಂಪಿಗೆ ಹೆಸರನ್ನೂ ಅವರೇ ಇಡಲಿ. ಅಷ್ಟಕ್ಕೂ ಪುರುಸೊತ್ತಿಲ್ಲವೆಂದರೆ ಕೌಂಟರಿನಲ್ಲಿ ಕೂರುವ ಸಿಬ್ಬಂದಿಯನ್ನು ಕೇಳಿ. ಜನ ಬಂದು ಏನಂತ ಕೇಳುತ್ತಾರೋ ಆ ಮಾತನ್ನು ತಿದ್ದದೆ ಬರೆದುಕೊಳ್ಳಿ. ಮೆನುವಿಗೆ ಬೇಕಾದ ಹೆಸರುಗಳು ಅಲ್ಲೇ ಸಿಗುತ್ತವೆ.