ಹಾಡು ಬರೆದವರ ಊರು ಬೆಳ್ಳಾವಿ

ಕನ್ನಡದ ಮೊದಲ ಟಾಕಿ ಯಾವುದು ಅಂದರೆ ‘ಸತಿ ಸುಲೋಚನಾ’ ಅಂತ ಕ್ವಿಜ್ ಹುಡುಗರು ಥಟ್ಟನೆ ಹೇಳುತ್ತಾರೆ. ನಿರ್ದೇಶಕರು ವೈ.ವಿ. ರಾವ್, ಇಂದ್ರಜಿತು ಸುಬ್ಬಯ್ಯ ನಾಯ್ಡು, ಸುಲೋಚನೆ ತ್ರಿಪುರಾಂಬ, ರಾವಣ ಆರ್. ನಾಗೇಂದ್ರರಾಯರು, ದುಡ್ಡು ಹಾಕಿದವರು ಚಮನ್‌ಲಾಲ್ ಡುಂಗಾಜಿ. ಅಷ್ಟೂ ಬಾಯಿಪಾಠ. ಹಾಡು ಬರೆದವರು ಯಾರಪ್ಪಾ ಅಂತ ಕೇಳಿ ನೋಡಿ, ಮುಖ ಮುಖ ನೋಡಿಕೊಳ್ಳುತ್ತಾರೆ. ಮಾತು, ಹಾಡು ಎರಡನ್ನೂ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. 1882ರಲ್ಲಿ ಹುಟ್ಟಿದವರು. ಸಿನಿಮಾ ಬರುವ ಹೊತ್ತಿಗೆ ಐವತ್ತು ದಾಟಿತ್ತು, ನಾಟಕ ಕಂಪನಿಗಳಿಗೆ ಬರೆದು ಬರೆದು ಕೈ ಪಳಗಿತ್ತು.

ಆ ಸಿನಿಮಾದ ಒಂದು ಪ್ರಿಂಟೂ ಉಳಿದಿಲ್ಲ. ಹಾಗಾಗಿ ನೋಡೋದಕ್ಕೆ ಏನೂ ಇಲ್ಲ, ಕನಿಷ್ಠ ಅವರ ಊರನ್ನಾದರೂ ನೋಡೋಣ ಅಂತ ಹೊರಟೆ. ಬೆಳ್ಳಾವಿ ಇರೋದು ತುಮಕೂರಿನ ಹತ್ತಿರವೇ.

ದಾರಿಯಲ್ಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆ. ಎಲ್ಲರೂ ಹೊಗಳುತ್ತಾರೆ, ನನಗೇನೋ ಅದು ಅರ್ಧಕ್ಕೇ ಬೇಜಾರು ಬರುವ ತಿಂಡಿ. ಚಟ್ನಿ ಮಾತ್ರ ಚೆನ್ನಾಗಿತ್ತು.

ಬಸ್ಸಿನ ವಿಷಯ ಹೇಳಲೇಬೇಕು, ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತೆ. ತುಮಕೂರಿನಲ್ಲಿ ಒಂದು ಖಾಸಗಿ ಬಸ್ಸಿನವನು ‘ಬೆಳ್ಳಾವಿ ಬೆಳ್ಳಾವಿ’ ಅಂತ ಕೂಗುತ್ತಿದ್ದ. ಊರೊಳಗೆ ಹೋಗುತ್ತಾ ಅಂತ ಕೇಳಿಯೇ ಹತ್ತಿದೆ. ‘ಬಾಗಿಲಿಗೇ ಬಿಡ್ತೀನಿ ಬನ್ನಿ ಸಾರ್’ ಅಂದ. ದುಡ್ಡು ತಗೊಂಡ, ಚಿಲ್ಲರೆ ಆಮೇಲೆ ಅಂದ. ಕ್ರಾಸಿನಲ್ಲಿ ಇಳಿಸಿ, ಒಳಗಡೆ ಆಟೋ ಸಿಗುತ್ತೆ ಅಂತ ಹೇಳಿ ಹೊರಟೇಹೋದ. ಚಿಲ್ಲರೆಯೂ ಅವನ ಜೊತೆಗೇ ಹೋಯಿತು. ಆಟೋ ಎಲ್ಲಿಂದ ಬರಬೇಕು? ಬಿಸಿಲಲ್ಲಿ ನಿಂತು ನಿಂತು, ಕೊನೆಗೆ ಹಾಲಿನ ಕ್ಯಾನ್ ಹಾಕಿಕೊಂಡು ಹೋಗುತ್ತಿದ್ದ ಒಬ್ಬರ ಬೈಕು ಹತ್ತಿದೆ. ನೀವು ಹೋಗೋದಾದರೆ ಕಂಡಕ್ಟರ್ ಮಾತು ನಂಬಬೇಡಿ, ಬಸ್ಸಿನಲ್ಲಿ ಕೂತಿರುವ ಹೆಂಗಸರನ್ನು ಕೇಳಿ. ಅವರಿಗೆ ಎಲ್ಲ ಬಸ್ಸಿನ ದಾರಿಯೂ ಗೊತ್ತಿರುತ್ತೆ.

ಊರಲ್ಲಿ ಟೀ ಅಂಗಡಿಯವರನ್ನು ಶಾಸ್ತ್ರಿಗಳ ಬಗ್ಗೆ ಕೇಳಿದೆ. ‘ಯಾವ ಶಾಸ್ತ್ರಿಗಳು? ಜಾತಕ ನೋಡೋರಾ?’ ಅಂದರು. ಅಲ್ಲ, ನಾಟಕದ ಹಾಡು ಬರೀತಿದ್ದವರು ಅಂದೆ. ‘ಓ, ನಾಟಕದ್ದಾದರೆ ಮೇಷ್ಟ್ರ ಹತ್ರ ಹೋಗಿ’ ಅಂತ ಒಬ್ಬ ಹುಡುಗನನ್ನು ಜೊತೆ ಮಾಡಿ ಕಳಿಸಿದರು.

ಮೇಷ್ಟ್ರು ಅಂದರೆ ಸ್ಕೂಲ್ ಮೇಷ್ಟ್ರಲ್ಲ, ಹಾರ್ಮೋನಿಯಂ ಮೇಷ್ಟ್ರು. ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಹಾಡು ಹೇಳಿಕೊಡುವವರು. ಎಂಬತ್ತರ ಹತ್ತಿರ ವಯಸ್ಸು, ಎದುರಿಗೆ ಕಾಲು ಹಾರ್ಮೋನಿಯಂ, ಅದರ ಮೇಲೆ ಮಾತ್ರೆ ಡಬ್ಬಿ. ನಾನು ಶಾಸ್ತ್ರಿಗಳ ಹೆಸರು ಹೇಳಿದ್ದೇ ತಡ, ಡಬ್ಬಿ ಪಕ್ಕಕ್ಕಿಟ್ಟರು.

‘ಸದಾರಮೆ ಗೊತ್ತೇನಪ್ಪಾ?’

ಗೊತ್ತು ಅಂದೆ. ಗುಬ್ಬಿ ಕಂಪನಿಯವರು ಆಡಿ ಆಡಿ ಹೆಸರು ಮಾಡಿದ ನಾಟಕ ಅದು. 1935ರಲ್ಲಿ ಸಿನಿಮಾ ಕೂಡ ಆಯಿತು. ಕಳ್ಳನ ಪಾರ್ಟು ಅಂದರೆ ಗುಬ್ಬಿ ವೀರಣ್ಣ. ಎಷ್ಟೋ ವರ್ಷಗಳ ಮೇಲೆ ಅವರ ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನಾಗಿ ರಂಗಕ್ಕೆ ಬಂದರು.

‘ವೀರಣ್ಣೋರು ಗೊತ್ತು, ಜಯಶ್ರಮ್ಮ ಗೊತ್ತು. ಬರೆದೋರು?’

‘ಶಾಸ್ತ್ರಿಗಳು ಅಲ್ವಾ ಮೇಷ್ಟ್ರೇ?’

‘ಮತ್ತೆ? ಈ ಊರಲ್ಲೇ ನಾಲ್ಕು ಜನಕ್ಕೆ ಗೊತ್ತಿಲ್ಲ ನೋಡು!’ ಅಂತ ಜೊತೆಗೆ ಬಂದಿದ್ದ ಹುಡುಗನ ಕಡೆ ಕಣ್ಣು ಬಿಟ್ಟರು. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. ಕಂಪನಿ ನಾಟಕಕ್ಕೆ ಬರೆಯುವವರು ಸಾಮಾನ್ಯವಾಗಿ ಮೊದಲೇ ಇದ್ದ ಮಟ್ಟಿಗೆ, ಅಂದರೆ ಟ್ಯೂನಿಗೆ, ಹಾಡು ಕಟ್ಟುತ್ತಿದ್ದರು. ಪಾರ್ಸಿ ಕಂಪನಿಯದೋ ಮರಾಠಿ ಕಂಪನಿಯದೋ ಒಂದು ಹಾಡು ಜನರ ಬಾಯಲ್ಲಿ ಓಡಾಡುತ್ತಿರುತ್ತೆ. ಮಾಲೀಕರು ಬಂದು, ಇದೇ ಧಾಟಿಯಲ್ಲಿ ನಮ್ಮ ಕೃಷ್ಣನಿಗೆ ಒಂದು ಬರೆದುಕೊಡಿ ಅನ್ನುತ್ತಾರೆ. ಹಿಂದಿಯ ಗಿಡ್ಡ ಗಿಡ್ಡ ಪದಗಳಿಗೆ ಹೊಂದಿಕೊಂಡ ಮಟ್ಟಿನೊಳಗೆ ಕನ್ನಡದ ಉದ್ದ ಪದ ಕೂರಬೇಕು, ಪ್ರಾಸ ತಪ್ಪಬಾರದು, ಕಥೆಯೂ ಮುಂದೆ ಹೋಗಬೇಕು. ‘ಕವಿಗಳು ಕವಿತೆ ಬರೀತಾರೆ. ಇದು ಹಾಗಲ್ಲ, ಇನ್ನೊಬ್ಬನ ಅಂಗಿ ಹಾಕಿಕೊಂಡು ಮದುವೆಗೆ ಹೋದಂಗೆ. ಇವನದೇ ಅಂಗಿ ಅಂತ ಜನ ಅನ್ನಬೇಕು’ ಅಂದರು.

ಗ್ರಾಮಫೋನು ಪ್ಲೇಟುಗಳಲ್ಲಿ ಈ ಹಾಡುಗಳು ಹೇಗಿರುತ್ತಿದ್ದವು ಅಂತ ಕೇಳಿದೆ. ಅವರ ತಂದೆಯ ಹತ್ತಿರ ಗ್ರಾಮಫೋನು ಪೆಟ್ಟಿಗೆ, ಒಂದಷ್ಟು ನಾಟಕದ ಪ್ಲೇಟುಗಳು ಇದ್ದವಂತೆ. ಮೇಷ್ಟ್ರು ಮಾತಾಡಲಿಲ್ಲ, ತಿದಿ ಒತ್ತಿದರು. ಬಿಳಿ ನಾಲ್ಕನೇ ಮನೆಯಲ್ಲಿ ಶ್ರುತಿ ಹಿಡಿದು ಒಂದು ಹಾಡು ಶುರು ಮಾಡಿದರು. ಮೊದಲು ನಾಟಕದ ರೀತಿ. ಪಲ್ಲವಿ ಒಂದನ್ನೇ ಹಿಡಿದು ಎಳೆದರು, ಏರಿಸಿದರು, ನಡುವೆ ಸ್ವರ ಹಾಕಿದರು, ನಿಲ್ಲಿಸಿ ‘ಒನ್ಸ್ ಮೋರ್!’ ಅಂತ ತಾವೇ ಕೂಗಿಕೊಂಡು ಮತ್ತೆ ಪಲ್ಲವಿಗೆ ಬಂದರು. ಮಗಳು ಕಾಫಿ ತಂದಿಟ್ಟು ಹೋದರು, ಅದು ಆರಿತು. ಹಾಡು ಇನ್ನೂ ಚರಣಕ್ಕೇ ಬಂದಿರಲಿಲ್ಲ.

‘ಈಗ ಪ್ಲೇಟು’ ಅಂದರು.

ಅದೇ ಹಾಡು. ಆಲಾಪ ಇಲ್ಲ, ಸ್ವರ ಇಲ್ಲ. ಪಲ್ಲವಿ, ಚರಣ, ಇನ್ನೊಂದು ಚರಣ, ಮುಗೀತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದುದೇ ಮೂರು, ಮೂರೂವರೆ ನಿಮಿಷ. ಗಾಯಕರ ಕಸರತ್ತಿಗೆಲ್ಲ ಅಲ್ಲಿ ಜಾಗ ಎಲ್ಲಿಂದ ಬರಬೇಕು? ಆದರೆ ಆಗ ನನಗೆ ಸಾಹಿತ್ಯ ಮೊದಲ ಸಲ ಸರಿಯಾಗಿ ಕೇಳಿಸಿತು. ಎರಡನೇ ಚರಣದಲ್ಲಿ ಒಂದು ತಮಾಷೆ ಇತ್ತು, ದೊಡ್ಡವರನ್ನು ಗೌರವದಿಂದಲೇ ಕಿಚಾಯಿಸುವಂಥದ್ದು. ನಾಟಕದ ರೀತಿಯಲ್ಲಿ ಹಾಡಿದ್ದರೆ ಅಲ್ಲಿಯವರೆಗೆ ನಾನು ಕೇಳಿಸಿಕೊಳ್ಳುತ್ತಿದ್ದೆನೋ ಇಲ್ಲವೋ.

ಕಂಪನಿ ನಾಟಕದ ಹಾಡೆಂದರೆ ಬರೀ ಗಂಟಲಿನ ಆಟ ಅಂತ ಮೂಗು ಮುರಿಯುವವರು ತುಂಬಾ ಜನ ಇದ್ದಾರೆ. ಅವರನ್ನು ಈ ಜಗಲಿಗೆ ಕರೆದುಕೊಂಡು ಬರಬೇಕು. ಹಾಡಿನ ಮೈ ಕರಗಿಸಿ ಮಾತನ್ನು ಉಳಿಸಿಕೊಟ್ಟಿದ್ದು ಆ ಅರಗಿನ ಪ್ಲೇಟು. ಮಾತು ಬರೆದವರ ಹೆಸರೇ ಅದರ ಮೇಲಿಲ್ಲ.

‘ನಮ್ಮಪ್ಪನ ಪ್ಲೇಟಲ್ಲಿ ಹಾಡಿದೋರ ಹೆಸರಿತ್ತು, ನಾಟಕದ ಹೆಸರಿತ್ತು, ರಾಗ ಇತ್ತು, ನಾಯಿ ಚಿತ್ರ ಕೂಡ ಇತ್ತು ಕಣಪ್ಪ. ಬರೆದೋನ ಹೆಸರಿಗೆ ಮಾತ್ರ ಜಾಗ ಸಾಲಲಿಲ್ಲ’ ಅಂದರು ಮೇಷ್ಟ್ರು. ಪ್ಲೇಟುಗಳು ಈಗ ಎಲ್ಲಿ ಅಂದೆ. ಒಂದಿಷ್ಟು ಒಡೆದವಂತೆ, ಮಿಕ್ಕಿದ್ದನ್ನು ತಮ್ಮ ಗುಜರಿಗೆ ಹಾಕಿದನಂತೆ. ಆ ತಮ್ಮನ ಮೇಲೆ ಇವರಿಗೆ ಇನ್ನೂ ಮುನಿಸು.

‘ಸತಿ ಸುಲೋಚನಾ’ ಹಾಡುಗಳು ಬರುತ್ತವಾ ಅಂತಲೂ ಕೇಳಿದೆ. ಇಲ್ಲ ಅಂದರು. ಆ ಕಾಲದಲ್ಲಿ ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ, ಪಾತ್ರ ಮಾಡುವವರೇ ಕ್ಯಾಮೆರಾ ಮುಂದೆ ಹಾಡಬೇಕಿತ್ತು. ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಸುಮಾರು ಎರಡು ತಿಂಗಳು ಶೂಟಿಂಗ್ ಆಗಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಿಡುಗಡೆ ಆಯಿತು. ಈಗ ಪ್ರಿಂಟೂ ಇಲ್ಲ, ಟಾಕೀಸೂ ಇಲ್ಲ. ಮಾರ್ಕೆಟ್ ಕಡೆ ಹೋದಾಗಲೆಲ್ಲ ಸುಮ್ನೆ ಒಮ್ಮೆ ಆಚೀಚೆ ನೋಡುತ್ತೇನೆ. ಸಗಟು ಅಂಗಡಿ, ಕೈಗಾಡಿ, ಹಾರ್ನು. ಅಷ್ಟೇ.

ಮರುದಿನ ಗುಬ್ಬಿಗೂ ಹೋಗಿಬಂದೆ. ಅದರ ಬಗ್ಗೆ ಜಾಸ್ತಿ ಬರೆಯೋದಕ್ಕೇನಿಲ್ಲ. ವೀರಣ್ಣನವರ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು, ತುಮಕೂರಿನ ಕಲಾಕ್ಷೇತ್ರಕ್ಕೂ ಅವರದೇ ಹೆಸರು. ಸರಿಯಾದದ್ದೇ. ಅವರಿಗೆ ನಾಟಕ ಬರೆದುಕೊಟ್ಟವರಿಗೂ ಒಂದು ಬೋರ್ಡು ಹಾಕಿದ್ದರೆ ಯಾರ ಗಂಟು ಹೋಗುತ್ತಿತ್ತು?

ಬೆಳ್ಳಾವಿಯಿಂದ ಹೊರಡುವಾಗ ಮೇಷ್ಟ್ರು ನಾಟಕಕ್ಕೆ ಕರೆದಿದ್ದಾರೆ. ಪಕ್ಕದ ಹಳ್ಳಿಯಲ್ಲಿ ಸುಗ್ಗಿ ಕಳೆದ ಮೇಲೆ ಆಡುತ್ತಾರಂತೆ, ಸೀನರಿಯವರಿಗೆ ಅಡ್ವಾನ್ಸ್ ಕೊಟ್ಟಾಗಿದೆಯಂತೆ. ರಾತ್ರಿ ಹತ್ತಕ್ಕೆ ಶುರು ಅಂದರೆ ಹನ್ನೊಂದು, ಮುಗಿಯೋದು ಬೆಳಗಿನ ಜಾವ. ಬರುವವರು ಸ್ವೆಟರ್ ತನ್ನಿ, ಸ್ವಂತ ಗಾಡಿಯಲ್ಲೇ ಬನ್ನಿ. ಆ ಬಸ್ಸಿನವನ ಕೈಗಂತೂ ನಾನು ಮತ್ತೆ ಸಿಗೋದಿಲ್ಲ.