ಬೆಟ್ಟ ಅಗೆದು ಹೀಟರ್ ಕೋರ್ ಹಿಡಿದ ಕತೆ

ಶುರುವಾಗಿದ್ದು ವಾಸನೆಯಿಂದ. ಕಾರಲ್ಲಿ ಬ್ಲೋವರ್ ಹಾಕಿದ್ರೆ ಸಾಕು, ಯಾರೋ ಪಕ್ಕದಲ್ಲೇ ಸಕ್ಕರೆ ಪಾಕ ಕಾಯಿಸ್ತಿದಾರೇನೋ ಅನ್ನೋ ಥರ ಸಿಹಿ ಸಿಹಿ ವಾಸನೆ. ಡ್ಯಾಶ್‌ಬೋರ್ಡ್ ಮೇಲಿದ್ದ ಸೆಂಟ್ ಡಬ್ಬಿದೇ ಇರಬೇಕು ಅಂತ ಅದನ್ನ ಎಸೆದೆ, ವಾಸನೆ ಹೋಗ್ಲಿಲ್ಲ. ಆಮೇಲೆ ಮುಂದಿನ ಗ್ಲಾಸ್ ಒಳಗಡೆ ಮಂಜು ಕಟ್ಟೋಕೆ ಶುರುವಾಯ್ತು, ಬಟ್ಟೆಲಿ ಒರೆಸಿದ್ರೆ ಎಣ್ಣೆ ಹಚ್ಚಿದ ಹಾಗೆ ಇನ್ನೂ ಜಾಸ್ತಿ ಮಸುಕಾಗೋದು. ಕೊನೆಗೆ ಒಂದಿನ ಪಕ್ಕದ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ.

ಒದ್ದೆ ಅಂದ ತಕ್ಷಣ ನನ್ನ ತಲೆಗೆ ಬಂದಿದ್ದು ಎಸಿ ನೀರು. ಡ್ರೈನ್ ಪೈಪ್ ಕಟ್ಕೊಂಡಿದೆ ಅಂತ ಕಾರಡಿ ಮಲಗಿ ತಂತಿ ತೂರಿಸಿ ಕ್ಲೀನ್ ಮಾಡಿ, ಭಾರಿ ಮೆಕ್ಯಾನಿಕ್ ಥರ ಕೈ ಒರೆಸ್ಕೊಂಡು ಎದ್ದೆ. ಎರಡು ವಾರಕ್ಕೆ ಮತ್ತೆ ಒದ್ದೆ. ತಮಾಷೆ ಏನಂದ್ರೆ ಚಳಿಗಾಲ ಅದು, ಒಂದು ತಿಂಗಳಿಂದ ನಾನು ಎಸಿನೇ ಹಾಕಿರ್ಲಿಲ್ಲ! ಆಗ ಬುದ್ಧಿ ಬಂದು ಒದ್ದೆ ಜಾಗ ಬೆರಳಲ್ಲಿ ಮುಟ್ಟಿ ಮೂಸಿದೆ. ಎಸಿ ನೀರಾಗಿದ್ರೆ ಬರೀ ನೀರು, ವಾಸನೆ ಇಲ್ಲ, ಅಂಟಲ್ಲ. ಇದು ಜಿಡ್ಡು ಜಿಡ್ಡಾಗಿ ಅಂಟ್ತಿತ್ತು, ಅದೇ ಸಿಹಿ ವಾಸನೆ. ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋಕೆ ಹಾಕೋ ದ್ರವ. ಬಾನೆಟ್ ತೆಗೆದು ಕೂಲೆಂಟ್ ಬಾಟ್ಲಿ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದೆ, ವಾರ ಬಿಟ್ಟು ನೋಡಿದ್ರೆ ಒಂದು ಬೆರಳಷ್ಟು ಕೆಳಗಿತ್ತು, ನೆಲದ ಮೇಲೆ ಮಾತ್ರ ಒಂದು ಹನಿನೂ ಇಲ್ಲ. ಅಂದ್ರೆ ಸೋರ್ತಿರೋದು ಕಾರಿನ ಒಳಗೇ, ಹೀಟರ್ ಕೋರ್‌ನಲ್ಲಿ.

ಹೀಟರ್ ಕೋರ್ ಅಂದ್ರೆ ಏನೂ ದೊಡ್ಡ ವಿಷಯ ಅಲ್ಲ, ಪುಟ್ಟ ರೇಡಿಯೇಟರ್ ಅಷ್ಟೇ. ಇಂಜಿನ್ ಸುತ್ತಿ ಬಿಸಿಯಾದ ಕೂಲೆಂಟ್ ಎರಡು ಹೋಸ್ ಮೂಲಕ ಫೈರ್‌ವಾಲ್ (ಇಂಜಿನ್‌ಗೂ ನಾವು ಕೂರೋ ಜಾಗಕ್ಕೂ ಮಧ್ಯದ ಗೋಡೆ) ದಾಟಿ ಒಳಗೆ ಬಂದು ಇದರೊಳಗೆ ಹರಿದು ವಾಪಸ್ ಹೋಗತ್ತೆ, ಬ್ಲೋವರ್ ಅದರ ಮೇಲೆ ಗಾಳಿ ಊದತ್ತೆ, ಆ ಗಾಳಿನೇ ನಮಗೆ ಬರೋ ಬಿಸಿ ಗಾಳಿ. ತೊಂದರೆ ಇರೋದು ಅದು ಕೂತಿರೋ ಜಾಗದಲ್ಲಿ. ಹಳೇ ಕಾರುಗಳಲ್ಲಿ ಎಷ್ಟೋ ಸಲ ಇದನ್ನ ಮೊದಲು ಇಟ್ಟು ಆಮೇಲೆ ಸುತ್ತ ಕಾರು ಕಟ್ಟಿದಾರೆ ಅನ್ಸತ್ತೆ.

ಅದಕ್ಕೇ ಮೊದಲು ಕಳ್ಳದಾರಿ ನೋಡ್ದೆ. ರೇಡಿಯೇಟರ್‌ಗೆ ಸುರಿಯೋ ಲೀಕ್ ಮುಚ್ಚೋ ಪುಡಿ ಸಿಗತ್ತಲ್ಲ, ಅದು ಬೇಡ ಅಂತ ನಾನೇ ಬಿಟ್ಟೆ, ಯಾಕಂದ್ರೆ ಅದು ತೂತನ್ನಷ್ಟೇ ಮುಚ್ಚತ್ತೆ ಅಂತ ಯಾರು ಗ್ಯಾರಂಟಿ ಕೊಡ್ತಾರೆ, ಕೋರ್ ಒಳಗಿನ ಸಣ್ಣ ಸಣ್ಣ ಟ್ಯೂಬ್‌ಗಳನ್ನೂ ಕಟ್ಟಿಸಿಬಿಡಬಹುದು. ಅದರ ಬದಲು ಫೈರ್‌ವಾಲ್ ಹತ್ರ ಎರಡೂ ಹೋಸ್ ಬಿಚ್ಚಿ ಒಂದಕ್ಕೊಂದು ಸೇರಿಸಿ ಕೋರನ್ನೇ ಬೈಪಾಸ್ ಮಾಡ್ದೆ. ಲೀಕ್ ನಿಂತೋಯ್ತು, ಕಾರು ಓಡ್ತು. ಆದ್ರೆ ಹೀಟರ್ ಇಲ್ಲ ಅಂದ್ರೆ ಗ್ಲಾಸ್ ಮೇಲಿನ ಮಂಜು ತೆಗೆಯೋ ಬಿಸಿ ಗಾಳಿನೂ ಇಲ್ಲ. ಒಂದು ಮಳೆ ಬೆಳಿಗ್ಗೆ ಒಂದು ಕೈಲಿ ಸ್ಟೇರಿಂಗ್ ಇನ್ನೊಂದು ಕೈಲಿ ಬಟ್ಟೆ ಹಿಡ್ಕೊಂಡು ಓಡಿಸಿದ್ಮೇಲೆ, ಸಾಕಪ್ಪಾ ಅಂತ ಹೊಸ ಕೋರ್ ತಂದೆ.

ಬ್ಯಾಟರಿ ಬಿಚ್ಚಿ ಒಂದು ಹದಿನೈದು ನಿಮಿಷ ಸುಮ್ನೆ ಕೂತೆ. ಏರ್‌ಬ್ಯಾಗ್ ಇರೋ ಕಾರಲ್ಲಿ ಇದನ್ನ ತಪ್ಪಿಸೋ ಹಾಗಿಲ್ಲ, ಬ್ಯಾಟರಿ ತೆಗೆದ್ಮೇಲೂ ಅದರ ಸರ್ಕ್ಯೂಟ್‌ನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಇರತ್ತೆ. ಇಂಜಿನ್ ಪೂರ್ತಿ ತಣ್ಣಗಾದ್ಮೇಲೇ ಕೂಲೆಂಟ್ ಇಳಿಸಿದೆ. ನನ್ನ ಅದೃಷ್ಟ, ಕೋರ್ ಪಕ್ಕಕ್ಕೆ ಜಾರಿ ಬರೋ ಥರ ಇತ್ತು. ಕೆಲವು ಕಾರಲ್ಲಿ ಎಸಿ ಕಾಯಿಲ್ ಸಮೇತ ಇಡೀ ಡಬ್ಬಿನೇ ಹೊರಗೆ ತೆಗೀಬೇಕು, ಆಗ ಮೊದಲೇ ಮೆಷಿನ್ ಇಟ್ಟು ಎಸಿ ಗ್ಯಾಸ್ ತೆಗೆಸ್ಕೋಬೇಕು, ಅದನ್ನ ಮನೇಲಿ ಗಾಳಿಗೆ ಬಿಡೋ ಕೆಲಸ ಮಾತ್ರ ಬೇಡ.

ಆಮೇಲೆ ಎರಡು ದಿನ ಬಿಚ್ಚಿದ್ದೇ ಬಿಚ್ಚಿದ್ದು. ಗ್ಲೋವ್ ಬಾಕ್ಸ್, ಕನ್ಸೋಲ್, ಮೀಟರ್, ಸ್ಟೇರಿಂಗ್ ಕಾಲಂ ಬೋಲ್ಟ್, ಒಂದೊಂದು ಕನೆಕ್ಟರ್‌ಗೂ ಫೋಟೋ, ಒಂದೊಂದು ಕಡೆಯ ಸ್ಕ್ರೂಗೂ ಬೇರೆ ಬೇರೆ ಕವರ್, ಕವರ್ ಮೇಲೆ ಹೆಸರು. ಇಷ್ಟಾದ್ರೂ ಡ್ಯಾಶ್‌ಬೋರ್ಡ್ ಒಂದು ಮೂಲೇಲಿ ಅಲ್ಲಾಡ್ತಾನೇ ಇರ್ಲಿಲ್ಲ, ನಾನು ಎಳೆದೆ, ಟಪ್ ಅಂತು. ಗ್ಲಾಸ್ ಕೆಳಗೆ ಮುಚ್ಚಳದಡಿ ಒಂದು ಬೋಲ್ಟ್ ಇತ್ತು ಅನ್ನೋದು ಪ್ಲಾಸ್ಟಿಕ್ ಬಿರುಕು ಬಿಟ್ಮೇಲೆ ಗೊತ್ತಾಯ್ತು. ಎಳೆದ್ರೆ ಬರ್ತಿಲ್ಲ ಅಂದ್ರೆ ಎಲ್ಲೋ ಇನ್ನೊಂದು ಬೋಲ್ಟ್ ಇದೆ ಅಂತಾನೇ ಅರ್ಥ.

ಕೋರ್ ಮಾತ್ರ ಎರಡೇ ಸ್ಕ್ರೂಗೆ ಕೈಗೆ ಬಂತು. ಒಂದು ದಪ್ಪ ಪುಸ್ತಕದಷ್ಟಿದೆ, ಇದಕ್ಕೆ ಎರಡು ದಿನ! ಕೆಳಗಿನ ಮೂಲೇಲಿ ಬಿಳಿ ಹಸಿರು ಉಪ್ಪು ಕಟ್ಟಿತ್ತು, ತೂತು ಅಲ್ಲೇ. ಒಳಗಿಂದ ಸುರಿದಿದ್ದು ಕಂದು ಬಣ್ಣದ ನೀರು. ಇದರಲ್ಲಿ ಕೋರ್ ತಪ್ಪೇನಿಲ್ಲ, ನಂದೇ. ಕೂಲೆಂಟ್‌ನಲ್ಲಿ ತುಕ್ಕು ತಡೆಯೋ ಕೆಮಿಕಲ್ ಇರತ್ತೆ, ಅದು ವರ್ಷ ಕಳೆದ ಹಾಗೆ ಖಾಲಿಯಾಗತ್ತೆ, ಆಮೇಲೆ ಲೋಹನ ಒಳಗಿಂದ ತಿನ್ನೋಕೆ ಶುರು ಆಗತ್ತೆ. ನಾನು ಅದನ್ನ ಬದಲಾಯಿಸೋದು ಬಿಟ್ಟು ವರ್ಷಾನುಗಟ್ಟಲೆ ನಲ್ಲಿ ನೀರು ಟಾಪಪ್ ಮಾಡ್ಕೊಂಡು ಬಂದಿದ್ದೆ.

ಅದಕ್ಕೇ ಹೊಸದು ಹಾಕೋ ಮುಂಚೆ ನೀರು ತಿಳಿಯಾಗೋವರೆಗೂ ಫ್ಲಶ್ ಮಾಡ್ದೆ. ಇಂಜಿನ್ ಕಡೆಯ ಪೈಪಿಗೆ ಹಳೇ ಹೋಸ್ ಅಂಟಿತ್ತು, ಅದನ್ನ ತಿರುಚೋಕೆ ಹೋಗದೆ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ತೆಗೆದೆ, ಹೋಸ್ ಹೇಗೂ ಹೊಸದು, ಪೈಪ್ ಮುರಿದ್ರೆ ಕತೆ ಮುಗೀತು. ಹೊಸ ಕೋರ್ ಸುತ್ತ ಸ್ಪಂಜ್ ಪಟ್ಟಿನೂ ಹೊಸದಾಗಿ ಅಂಟಿಸಿದೆ, ಅದಿಲ್ಲಾಂದ್ರೆ ಗಾಳಿ ಕೋರ್ ಒಳಗೆ ಹೋಗದೆ ಸಂದೀಲಿ ನುಗ್ಗಿ ಹೀಟರ್ ಬೆಚ್ಚಗಷ್ಟೇ ಆಗತ್ತೆ.

ಇಲ್ಲಿ ಒಂದೇ ಒಂದು ಜಾಣತನ ಮಾಡ್ದೆ. ಡ್ಯಾಶ್‌ಬೋರ್ಡ್ ವಾಪಸ್ ಕೂರಿಸೋ ಮುಂಚೆನೇ ಕೂಲೆಂಟ್ ತುಂಬಿ, ಸ್ನೇಹಿತನ ಹತ್ರ ಇದ್ದ ಕೈ ಪಂಪ್ ತಂದು ರೇಡಿಯೇಟರ್ ಬಾಯಿಗೆ ಹಾಕಿ, ಕ್ಯಾಪ್ ಮೇಲೆ ಬರೆದಿದ್ದ ಪ್ರೆಷರ್ ನೋಡಿ 15 ಪಿಎಸ್‌ಐ ಏರಿಸಿ ಅರ್ಧ ಗಂಟೆ ಬಿಟ್ಟೆ. ಪಂಪಿನ ಮೀಟರ್ ಮುಳ್ಳು ನಿಧಾನಕ್ಕೆ ಇಳೀತು! ಟಾರ್ಚ್ ಬಿಟ್ಟು ನೋಡಿದ್ರೆ ಪೈಪ್ ಸೇರೋ ಕಡೆ ಒಂದು ಹನಿ, ಅಲ್ಲಿ ನಾನು ಸೋರದ ಹಾಗೆ ತಡೆಯೋ ಹಳೇ ರಬ್ಬರ್ ಉಂಗುರನೇ (ಓ ರಿಂಗ್) ಹಾಕಿದ್ದೆ. ಎಲ್ಲ ಜೋಡಿಸಿದ್ಮೇಲೆ ಇದು ಗೊತ್ತಾಗಿದ್ರೆ ಕಾರನ್ನ ಹಾಗೇ ಗುಜರಿಗೆ ಕೊಟ್ಬಿಡ್ತಿದ್ನೇನೋ.

ಜೋಡಿಸಿದ್ದು ಬಿಚ್ಚಿದ್ದಕ್ಕಿಂತ ಬೇಗ ಆಯ್ತು, ಎರಡು ಸ್ಕ್ರೂ ಮಿಕ್ಕವು, ಅದರ ಬಗ್ಗೆ ಕೇಳಬೇಡಿ. ಕೂಲೆಂಟ್ ಪೈಪ್‌ಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯೋದಕ್ಕೆ ಹೀಟರ್ ಫುಲ್ ಬಿಸಿಗೆ ಇಟ್ಟು, ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು, ಇಂಜಿನ್ ಓಡಿಸಿ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ್ಮೇಲೆ ಕೂಲೆಂಟ್‌ನ ರೇಡಿಯೇಟರ್‌ಗೆ ಬಿಡೋ ವಾಲ್ವ್) ತೆರೆಯೋವರೆಗೂ ಟಾಪಪ್ ಮಾಡ್ತಾ ಕೂತೆ. ಡ್ಯಾಶ್ ಹಿಂದೆ ಗುಳುಗುಳು ಸದ್ದು ನಿಂತು ಬಿಸಿ ಗಾಳಿ ಮುಖಕ್ಕೆ ಬಡಿದಾಗ ಆದ ಖುಷಿ ಇದೆಯಲ್ಲ!

ಕಾರ್ಪೆಟ್ ಮಾತ್ರ ಇನ್ನೂ ಕಾಡ್ತಿದೆ. ಕೂಲೆಂಟ್‌ನಲ್ಲಿರೋ ಗ್ಲೈಕಾಲ್ ನೀರಿನ ಥರ ಸುಲಭಕ್ಕೆ ಆರಿ ಹೋಗಲ್ಲ, ಅಡಿಯ ಸ್ಪಂಜ್ ಹೀರ್ಕೊಂಡು ಕೂತಿರತ್ತೆ, ಕಿತ್ತು ಹೊರಗೆ ಹಾಕಿ ನಾಲ್ಕು ಸಲ ತೊಳೆದಿದೀನಿ. ತೊಳೆದ ನೀರು, ಹಳೇ ಕೂಲೆಂಟ್ ಎರಡನ್ನೂ ಮುಚ್ಚಳ ಇರೋ ಕ್ಯಾನಿಗೆ ತುಂಬಿಟ್ಟೆ, ಸಿಹಿ ಅಂತ ನಾಯಿ ಬೆಕ್ಕು ನೆಕ್ಕಿದ್ರೆ ಸ್ವಲ್ಪಕ್ಕೇ ಕಿಡ್ನಿ ಹೋಗಿ ಸತ್ತೋಗ್ತವೆ.

ಬಾಟ್ಲಿ ಮೇಲೆ ಹೊಸ ಗೆರೆ ಎಳೆದು ಮೂರು ವಾರ ಆಯ್ತು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ನೋಡ್ತೀನಿ. ಗೆರೆ ಮೇಲೇ ಇದೆ.