ಹಾಲಿನ ಪಾತ್ರೆಯ ಅಂಚು, ಸರ್ಫ್‌ಬೋರ್ಡ್‌ನ ರೈಲ್

ದುಂಡಗಿನ ಅಂಚಿನ ಪಾತ್ರೆಯಿಂದ ಹಾಲನ್ನು ನಿಧಾನವಾಗಿ ಬಗ್ಗಿಸಿ ನೋಡಿ. ಲೋಟಕ್ಕೆ ಬೀಳಬೇಕಾದದ್ದು ಪಾತ್ರೆಯ ಹೊರಮೈಗೆ ಅಂಟಿಕೊಂಡು ಅಡುಗೆಕಟ್ಟೆಗೆ ಇಳಿಯುತ್ತದೆ. ಅಂಚು ಚೂಪಾಗಿದ್ದರೆ ಹಾಲು ಅಲ್ಲೇ ಕಡಿದುಕೊಂಡು ನೇರ ಬೀಳುತ್ತದೆ. ಅಲೆಯ ಮೇಲೆ ಜಾರುವ ಹಲಗೆ ಸರ್ಫ್‌ಬೋರ್ಡ್. ಅದರ ರೈಲ್, ಅಂದರೆ ಮೂತಿಯಿಂದ ಬಾಲದವರೆಗಿನ ಪಕ್ಕದ ಅಂಚು, ನೀರಿನ ಜೊತೆ ಆಡುವ ಆಟವೂ ಇದೇ. ದುಂಡು ರೈಲನ್ನು ನೀರು ಸುತ್ತಿಕೊಂಡು ಮೇಲೇರುತ್ತದೆ, ಬೋರ್ಡನ್ನು ಅಲೆಯ ಮೈಗೆ ಎಳೆದು ಹಿಡಿಯುತ್ತದೆ. ಚೂಪು ರೈಲಿನಲ್ಲಿ ನೀರು ತಳದಿಂದಲೇ ಕಳಚಿಕೊಳ್ಳುತ್ತದೆ. ಬೋರ್ಡ್ ಸಲೀಸಾಗಿ ಜಾರುತ್ತದೆ.

ಹಾಗಾಗಿ ಒಂದೇ ಬೋರ್ಡಿನಲ್ಲಿ ಎರಡೂ ಬೇಕು, ಆದರೆ ಬೇರೆ ಬೇರೆ ಜಾಗದಲ್ಲಿ. ಸಾಮಾನ್ಯ ಶಾರ್ಟ್‌ಬೋರ್ಡನ್ನು ಮಗುಚಿ ಹಾಕಿ, ತಳದ ಅಂಚಿನ ಮೇಲೆ ಉಗುರು ಎಳೆಯುತ್ತಾ ಬನ್ನಿ. ಮೂತಿಯ ಬಳಿ ಉಗುರಿಗೆ ಏನೂ ಸಿಗುವುದಿಲ್ಲ, ಪೂರ್ತಿ ದುಂಡು. ನಡುವಿನಲ್ಲಿ ದುಂಡಿನ ಕೆಳಗೆ ಒಳಸರಿದ ಸಣ್ಣ ಗೆರೆ ಸಿಗುತ್ತದೆ. ಇದಕ್ಕೆ ಟಕ್ಡ್ ಎಡ್ಜ್ ಎನ್ನುತ್ತಾರೆ. ಕೊನೆಯ 12ರಿಂದ 18 ಇಂಚಿನಲ್ಲಿ, ಫಿನ್‌ಗಳ (ತಳದ ರೆಕ್ಕೆಗಳ) ಅಕ್ಕಪಕ್ಕ, ಉಗುರು ಸ್ಪಷ್ಟವಾಗಿ ತಡೆಯುತ್ತದೆ. ಈ ಚೂಪು ಮೂತಿಯ ಕಡೆಗೆ ಹೆಚ್ಚು ಮುಂದುವರಿದರೆ, ಸ್ವಲ್ಪ ಓರೆಯಾದಾಗಲೇ ಅಂಚು ನೀರಿಗೆ ಕಚ್ಚಿಕೊಂಡು ಸವಾರ ಮುಗ್ಗರಿಸುತ್ತಾನೆ. ಬಾಲದಲ್ಲಿ ಚೂಪೇ ಇಲ್ಲದಿದ್ದರೆ ನೀರು ಬಿಡುವುದಿಲ್ಲ, ವೇಗ ಸಾಯುತ್ತದೆ.

ಅಂಗಡಿಯಲ್ಲಿ ಹೇಳುವ 50/50, 60/40, 80/20 ಎಂಬ ಲೆಕ್ಕ ಕೇಳುವಷ್ಟು ಕಷ್ಟವಲ್ಲ. ರೈಲ್ ಹೆಚ್ಚು ಹೊರಚಾಚಿದ ಬಿಂದು ದಪ್ಪದ ಸರಿ ಮಧ್ಯದಲ್ಲಿದ್ದರೆ 50/50. ಹಳೇ ಶೈಲಿಯ ಲಾಂಗ್‌ಬೋರ್ಡ್‌ಗಳಲ್ಲಿ ಸಿಗುವುದು ಇದು. ಬೋರ್ಡಿನ ಮೂತಿಗೆ ನಡೆದು ನಿಲ್ಲುವಾಗ ಬಾಲವನ್ನು ನೀರು ಹಿಡಿದಿರಬೇಕಲ್ಲ, ಅದಕ್ಕೆ. 60/40 ಎಂದರೆ ಬಿಂದುವಿನ ಮೇಲೆ ದಪ್ಪದ 60 ಪಾಲು, ಕೆಳಗೆ 40. ಬಿಂದು ಕೆಳಗಿಳಿದಷ್ಟೂ ಬೋರ್ಡ್ ಚುರುಕು, ತಪ್ಪನ್ನು ಮನ್ನಿಸುವುದು ಕಡಿಮೆ.

ಇದಕ್ಕಿಂತ ಹೆಚ್ಚು ಜನ ಎಡವುವುದು ರೈಲಿನ ದಪ್ಪದಲ್ಲಿ. ಬೋರ್ಡ್ ತಿರುಗುವುದೆಂದರೆ ರೈಲ್ ನೀರಿನೊಳಗೆ ಮುಳುಗಿ, ಬೋರ್ಡಿನ ಹೊರಗೆರೆಯ ಬಾಗು ಮತ್ತು ತಳದ ಬಾಗು ಸೇರಿ ಒಂದು ಕಮಾನು ಕೊರೆಯುವುದು. ಡಬ್ಬಿಯಂಥ ದಪ್ಪ ರೈಲ್ ಮುಳುಗಲು ಒಪ್ಪುವುದಿಲ್ಲ, ತೇಲಿ ಮೇಲೇಳುತ್ತದೆ. 60 ಕಿಲೋ ತೂಕದವರಿಗೆ ವೇಗದ ಅಲೆಯಲ್ಲಿ ಇದು ಬಾಟಮ್ ಟರ್ನ್, ಅಂದರೆ ಅಲೆಯ ಬುಡದಲ್ಲಿ ತಿರುಗುವ ಹೊತ್ತಿಗೆ ಪುಟಿಯುತ್ತದೆ, ಜಾರುತ್ತದೆ. ತೆಳು ರೈಲ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಮುಳುಗುತ್ತದೆ. ಆದರೆ ಸೊಂಟದೆತ್ತರದ ಸೋಮಾರಿ ಅಲೆಯಲ್ಲಿ 85 ಕಿಲೋದವರು ಒರಗಿದರೆ ಬೇಕಾದ್ದಕ್ಕಿಂತ ಹೆಚ್ಚು ಇಳಿದು ಅಲ್ಲೇ ನಿಂತುಬಿಡುತ್ತದೆ.

ಬೋರ್ಡಿನ ಮೇಲೆ ಬರೆದ ದಪ್ಪ, ಲೀಟರ್ ಲೆಕ್ಕದ ಗಾತ್ರ ಎರಡೂ ಇದನ್ನು ಹೇಳುವುದಿಲ್ಲ. ಅಲ್ಲಿರುವ ದಪ್ಪ ನಡುಗೆರೆಯದು. ಮೇಲ್ಮೈ ಚಪ್ಪಟೆಯಿದ್ದರೆ ಆ ದಪ್ಪ ಅಂಚಿನವರೆಗೂ ಉಳಿಯುತ್ತದೆ, ಆಮೆಯ ಬೆನ್ನಿನಂತೆ ಉಬ್ಬಿದ್ದರೆ ಅಂಚಿಗೆ ಬರುವಷ್ಟರಲ್ಲಿ ಕರಗಿರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಅಂಚಿನಿಂದ 1 ಇಂಚು ಒಳಗೆ ಕ್ಯಾಲಿಪರ್ ಇಟ್ಟು ಎರಡೂ ಪಕ್ಕ ಅಳೆಯಿರಿ. ಎಡ ಬಲದಲ್ಲಿ ಕಣ್ಣಿಗೆ ಬೀಳುವ ವ್ಯತ್ಯಾಸವಿದ್ದರೆ ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿದರೂ.

ಮಂಗಳೂರು ಬಳಿಯ ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿತವರು ಶುರು ಮಾಡಿದ್ದು ಮೆತ್ತನೆಯ ಫೋಮ್ ಬೋರ್ಡಿನಲ್ಲಿ. ಅದರ ರೈಲ್ ದಪ್ಪ, ದುಂಡು. ಒರಗಿ ತಿರುಗಿಸಲು ಹೋದರೆ ಕೇಳದು. ಒಂದು ಹೆಜ್ಜೆ ಹಿಂದೆ ಸರಿದು, ಬಾಲ ಒತ್ತಿ, ಮೂತಿಯನ್ನು ಹೊರಳಿಸಬೇಕು. ಮುಂದಿನ ಬೋರ್ಡಿಗೆ ಹಾರುವಾಗ ತೀರಾ ತೆಳು ರೈಲ್ ಬೇಡ. ನಡುದಪ್ಪದ 60/40 ಸಾಕು.

ರಿಪೇರಿಯಲ್ಲಿ ಹಾಳಾಗುವುದು ಹೆಚ್ಚಾಗಿ ಬಾಲದ ಚೂಪು. ಬಿರುಕು ಮುಚ್ಚಿ ಕೈಯಲ್ಲೇ ಮರಳು ಕಾಗದ ಉಜ್ಜಿದರೆ ಅಂಚು ದುಂಡಗಾಗುತ್ತದೆ, ಆಮೇಲೆ ‘ಬೋರ್ಡ್ ಯಾಕೋ ಅಂಟುತ್ತೆ’ ಎಂಬ ದೂರು. ಅಂಚನ್ನು ಮತ್ತೆ ಕಟ್ಟಬೇಕು. ಬೋರ್ಡನ್ನು ಮಗುಚಿಟ್ಟು, ಪಕ್ಕಕ್ಕೆ ಮಾಸ್ಕಿಂಗ್ ಟೇಪನ್ನು ತಳಕ್ಕಿಂತ 3 ಮಿಲಿಮೀಟರ್ ಮೇಲೆ ನಿಲ್ಲುವಂತೆ ಅಂಟಿಸಿ. ಆ ಗೋಡೆಯ ಒಳಗೆ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ) ತುಂಬಿ. ಒಳಗಿನ ಫೋಮ್ ಪಾಲಿಸ್ಟೈರೀನ್ ಆಗಿದ್ದರೆ ಎಪಾಕ್ಸಿ ರೆಸಿನ್ ಮಾತ್ರ. ಪಾಲಿಯೆಸ್ಟರ್ ರೆಸಿನ್ ತಗುಲಿದರೆ ಆ ಫೋಮ್ ಕರಗಿ ಗುಂಡಿ ಬೀಳುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಟೇಪ್ ಕಿತ್ತು, ಕಾಗದವನ್ನು ಗಟ್ಟಿ ಮರದ ತುಂಡಿಗೆ ಸುತ್ತಿ, ತಳವನ್ನು ಸಮತಟ್ಟಾಗಿ ಉಜ್ಜಿ: ಮೊದಲು 120 ನಂಬರಿನ ಒರಟು ಕಾಗದ, ಆಮೇಲೆ 220, ಕೊನೆಗೆ ನಯವಾದ 400. ಆ 400ರ ಕಾಗದದಿಂದ ಅಂಚಿನ ಮೇಲೆ ಒಂದೇ ಒಂದು ಸಲ ಹಗುರವಾಗಿ ಸವರಿ. ಅಷ್ಟೂ ಮಾಡದಿದ್ದರೆ ಅಂಚು ಬೇಗ ಚಕ್ಕೆ ಏಳುತ್ತದೆ, ಬಿದ್ದಾಗ ತೊಡೆಯನ್ನೂ ಕೊಯ್ಯುತ್ತದೆ.